ಮನೆ ಅಳಿಯನಾಗಬೇಕಾದ ಮೀನು

ಮೇಲ್ದಂಡೆ,
ಇಸವಿ ೨೨೧೪, ಹದಿಮೂರನೆಯ ತಿಂಗಳು, ದೊಡ್ಡ ಇಳಿತದ ಮರುದಿನ.

ಮನೆಯಲ್ಲಿ ಕಡಲ ಮೀನಿನ ತೊಟ್ಟಿ ಇಟ್ಟುಕೊಂಡಿರುವ ಹಿರಿಯರಿಗೆ,

ಅಕ್ಕಣಿ ಮಾಡುವ ನಮಸ್ಕಾರಗಳು. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಮನ್ನಿಸಬೇಕು. ನಾನು ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ ಮಾತ್ರ. ಆಮೇಲೆ ತೊಟ್ಟಿಯ ಕೆಲಸ ನನ್ನ ಪಾಲಿಗೆ ಬಂತು. ಹದಿಮೂರನೆಯ ತಿಂಗಳು ಎಂದು ಓದಿ ನಗಬೇಡಿ. ನಾವು ಹುಣ್ಣಿಮೆ ಎಣಿಸಿ ತಿಂಗಳು ಇಡುತ್ತೇವೆ, ಕೆಲವು ವರ್ಷ ಒಂದು ಹೆಚ್ಚಾಗುತ್ತದೆ. ನಿಮ್ಮಲ್ಲಿ ಅಧಿಕ ಮಾಸ ಇತ್ತಂತೆ, ಹಾಗೆಯೇ ಅಂದುಕೊಳ್ಳಿ. ಈ ತಿಂಗಳಲ್ಲಿ ಮೀನು ಸಾಕುವವರೆಲ್ಲ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದು ಇಳಿತದ ನೀರಿಗೆ ಬಿಡುವುದು ನಮ್ಮ ಪದ್ಧತಿ. ಅದು ನಿಮಗೆ ಮುಟ್ಟುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನಗೆ ಬಾಯಲ್ಲಿ ಮಾತಾಡುವುದಕ್ಕಿಂತ ಇದೇ ಸುಲಭ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ನಿಮ್ಮ ಕಾಲದಲ್ಲಿ ಮೀನಿಗೆಂದೇ ಅಂಗಡಿಗಳಿದ್ದವಂತೆ. ಸಾಲು ಸಾಲು ಗಾಜಿನ ತೊಟ್ಟಿಗಳ ಮುಂದೆ ನಿಂತು ನೀವು ಬೆರಳು ತೋರಿಸುತ್ತಿದ್ದಿರಿ. ಅಂಗಡಿಯವನು ಬಲೆಯಲ್ಲಿ ಹಿಡಿದು, ನೀರು ಮತ್ತು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತಿದ್ದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಿರಿ. ನಿಂಬೆಹಣ್ಣಿನ ಬಣ್ಣದ್ದು, ಶಾಯಿಯಷ್ಟು ನೀಲಿಯದು, ಗಿಳಿಯ ಕೊಕ್ಕಿನಂಥ ಬಾಯಿಯದು, ಎಲ್ಲವೂ ಇದ್ದವಂತೆ. ಒಂದು ಸತ್ತರೆ ಬೇಸರ ಮಾಡಿಕೊಂಡು, ಮುಂದಿನ ವಾರ ಮತ್ತೆ ಅಂಗಡಿಗೆ ಹೋಗುತ್ತಿದ್ದಿರಿ. ಮತ್ತೆ ಹೋಗುವುದು ಎಂಬುದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ಅದಕ್ಕಿಂತ ದೊಡ್ಡ ಸಿರಿವಂತಿಕೆ ನನಗೆ ಊಹಿಸಲು ಬರುವುದಿಲ್ಲ. ನಮ್ಮ ಕಡಲಿನ ನಡುಗಡ್ಡೆಯ ಬುಡದಲ್ಲಿ ಹವಳ ಇತ್ತು ಎನ್ನುವ ಜಾಗದಲ್ಲಿ ಈಗ ಪಾಚಿ ಹಿಡಿದ ಕಲ್ಲುಗಳಿವೆ. ಅಲ್ಲಿ ಒಂದು ಮೀನೂ ಇಲ್ಲ. ನಮ್ಮಲ್ಲಿ ಉಳಿದವೆಲ್ಲ ನಿಮ್ಮಂಥವರ ಮನೆಯ ತೊಟ್ಟಿಗಳಲ್ಲಿ ಮರಿಯಾಗಿ, ಕೈಯಿಂದ ಕೈಗೆ ಬಂದವುಗಳ ಸಂತಾನ. ಅದಕ್ಕಾಗಿ ನಿಮಗೆ ಕೈ ಮುಗಿಯುತ್ತೇನೆ. ಹೊಟ್ಟೆಕಿಚ್ಚು ಮಾತ್ರ ಹೋಗುವುದಿಲ್ಲ.

ನಮ್ಮ ಮನೆಗಳಲ್ಲಿ ಅಡುಗೆಮನೆಯ ಪಕ್ಕ ಉಪ್ಪುಕೋಣೆ ಇರುತ್ತದೆ. ಬೇರೇನಿಲ್ಲ, ತೊಟ್ಟಿ ಇಡುವ ಕೋಣೆ. ಗೋಡೆಗೆ ಸುಣ್ಣ ನಿಲ್ಲುವುದಿಲ್ಲ, ಬಾಗಿಲ ಚಿಲಕ ವರ್ಷಕ್ಕೊಮ್ಮೆ ತುಕ್ಕು ತಿಂದು ಉದುರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನೀರು ಎಷ್ಟು ಆರಿದೆ ಎಂದು ನೋಡಿ ಅಷ್ಟೇ ಮಳೆನೀರು ಸೇರಿಸುತ್ತೇನೆ, ಏಕೆಂದರೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆಮೇಲೆ ಗಾಜು ಒರೆಸುವುದು, ನೀರು ಸೋಸುವ ಮರಳು ತೊಳೆಯುವುದು. ನೀರಿಗೆ ಗಾಳಿ ಊದುವುದು ಅಲೆರಾಟೆ. ಕಡಲಿನ ಅಲೆಗೆ ತಿರುಗುವ ಚಕ್ರಕ್ಕೆ ನಾವು ಹಾಗೆ ಹೇಳುತ್ತೇವೆ. ಕಡಲು ಸುಮ್ಮನಾದ ದಿನ ರಾಟೆಯೂ ಸುಮ್ಮನಾಗುತ್ತದೆ. ಆಗ ಮನೆಯವರು ಸರದಿಯಲ್ಲಿ ಕೂತು ಕಾಲಿನಿಂದ ತಿದಿ ಒತ್ತಬೇಕು. ಸಂಜೆ ಊರಿನವರು ತೊಟ್ಟಿ ನೋಡಲು ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತು, ಮೆಲ್ಲಗೆ ಮಾತಾಡುತ್ತಾರೆ. ಇಂಥವರ ಮನೆಯ ಮೀನು ಬಣ್ಣ ಏರಿದೆ, ಇಂಥವರದು ಸೊರಗಿದೆ ಎಂಬುದು ಮರುದಿನ ಬಾವಿಕಟ್ಟೆಯಲ್ಲಿ ಮಾತಾಗುತ್ತದೆ. ನಮ್ಮ ಮನೆಗೆ ಬರುವವರು ಕಡಿಮೆ. ಎಲ್ಲರೂ ಪಕ್ಕದ ಮನೆಯ ಮುತ್ತುವಿನ ತೊಟ್ಟಿಗೆ ಹೋಗುತ್ತಾರೆ.

ಮುತ್ತು ನನ್ನದೇ ವಯಸ್ಸಿನವಳು, ಶಾಲೆಯಲ್ಲಿ ನನ್ನ ಪಕ್ಕ ಕೂತವಳು. ಅವಳ ಉಪ್ಪುಕೋಣೆಗೆ ಪೂರ್ವದ ಬಿಸಿಲು ಬೀಳುತ್ತದೆ. ಅವಳ ತೊಟ್ಟಿಯಲ್ಲಿ ಕಡಲಹೂವು ಇದೆ. ಅದು ಹೂವಲ್ಲ, ಕಲ್ಲಿಗೆ ಅಂಟಿಕೊಂಡು ನೂರು ಮೆತ್ತನೆಯ ಬೆರಳು ಆಡಿಸುವ ಪ್ರಾಣಿ. ಅದರ ನಡುವೆ ಅವಳ ಮೀನು ಮೈ ಉಜ್ಜಿಕೊಂಡು ಮಲಗುವುದನ್ನು ನೋಡಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಾನೂ ನೋಡಲು ಹೋಗುತ್ತೇನೆ, ಹಿಂದೆ ಕೂರುತ್ತೇನೆ, ಮನೆಗೆ ಬಂದು ನನ್ನ ಮೀನಿಗೆ ಒಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ ಇಟ್ಟದ್ದನ್ನು ನೋಡಿ ಅಳು ಬರುತ್ತದೆ.

ನಮ್ಮಿಬ್ಬರ ಬಳಿ ಇರುವುದು ಪಟ್ಟೆಮೀನು. ಕಿತ್ತಳೆ ಮೈ, ಬಿಳಿ ಪಟ್ಟೆ. ನೀವು ಕ್ಲೌನ್ ಮೀನು ಅನ್ನುತ್ತಿದ್ದಿರಂತೆ, ನಿಮ್ಮ ಅಂಗಡಿಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು ಸಿಗುತ್ತಿತ್ತಂತೆ. ನಮ್ಮ ದಂಡೆಯಲ್ಲಿ ಈಗ ಉಳಿದಿರುವುದು ಈ ಎರಡೇ. ಇವುಗಳ ತಾಯಿತಂದೆ ಕಳೆದ ಸೆಕೆಗಾಲದಲ್ಲಿ ರೋಗ ಬಂದು ಸತ್ತವು. ಒಂದು ತೊಟ್ಟಿಗೆ ರೋಗ ಬಂದರೆ ಎಲ್ಲ ಹೋಗಬಾರದೆಂದು ಮರಿಗಳನ್ನು ಒಂದೊಂದು ಮನೆಗೆ ಕೊಟ್ಟು ಸಾಕಿಸುತ್ತೇವೆ, ಹಾಗಾಗಿ ಇವೆರಡು ಉಳಿದವು.

ಈ ಮೀನಿನ ಸಂಗತಿ ನಿಮಗೆ ಗೊತ್ತಿದೆಯೋ ಇಲ್ಲವೋ. ಮರಿಯಾಗಿದ್ದಾಗ ಇದು ಹೆಣ್ಣೂ ಅಲ್ಲ, ಗಂಡೂ ಅಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಅದರ ಕೆಳಗೆ ತಗ್ಗಿ ನಡೆಯುವ ಎರಡನೆಯದು ಗಂಡಾಗುತ್ತದೆ. ಒಮ್ಮೆ ಹೆಣ್ಣಾದ ಮೇಲೆ ಹಿಂದಿರುಗುವುದಿಲ್ಲ. ನಮ್ಮ ಕಡೆ ಮನೆ, ಜಾಗ ಎಲ್ಲ ಹೆಣ್ಣಿನ ಕಡೆಯಿಂದ ಬರುವುದು, ಮೀನಿಗೂ ಅದೇ ಕಟ್ಟಲೆ ಮಾಡಿದ್ದೇವೆ. ಯಾರ ಮೀನು ಹೆಣ್ಣಾಯಿತೋ ಆ ಮನೆಯಲ್ಲೇ ಜೋಡಿ ಇರುತ್ತದೆ. ಇನ್ನೊಂದು ಮನೆಯ ಮೀನು ಮನೆ ಅಳಿಯನಾಗಿ ಅಲ್ಲಿಗೆ ಹೋಗುತ್ತದೆ. ಎರಡೂ ಮನೆಯವರು ಆಮೇಲೆ ಮೀನ್‌ಬೀಗರು.

ಇದರಿಂದ ಏನಾಯಿತು ಎಂದರೆ, ನಾವಿಬ್ಬರೂ ನಮ್ಮ ನಮ್ಮ ಮೀನಿಗೆ ತಿನ್ನಿಸತೊಡಗಿದೆವು. ಮುತ್ತು ಕೊಳದ ಸಿಗಡಿ ಅರೆದು ಹಾಕಿದಳು ಎಂದು ಕೇಳಿದೆ. ನಾನೂ ಅರೆದೆ. ಅವಳು ಕೊಳದ ಮೀನಿನ ಮೊಟ್ಟೆ ತಿನ್ನಿಸಿದಳು. ನಾನು ನನ್ನ ತಟ್ಟೆಯದನ್ನೇ ತೆಗೆದಿಟ್ಟೆ. ಒಂದು ತೊಟ್ಟಿಯಲ್ಲಿ ಒಂದೇ ಮೀನು, ತಲೆಯ ಮೇಲೆ ದೊಡ್ಡವರಿಲ್ಲ, ಹೊಟ್ಟೆ ತುಂಬ ತಿಂಡಿ. ಹಾಗೆ ಬೆಳೆದ ಪಟ್ಟೆಮೀನು ತಾನೇ ದೊಡ್ಡವಳು ಎಂದುಕೊಂಡು ಹೆಣ್ಣಾಗಿಬಿಡುತ್ತದೆ. ಎರಡೂ ಹೆಣ್ಣಾದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ, ಮರಿಯ ಮಾತೇ ಇಲ್ಲ. ಅಲ್ಲಿಗೆ ನಮ್ಮ ದಂಡೆಯ ಪಟ್ಟೆಮೀನು ಮುಗಿಯಿತು. ಇದು ಇಬ್ಬರಿಗೂ ಗೊತ್ತಿತ್ತು. ಆದರೂ ಇಬ್ಬರೂ ನಿಲ್ಲಿಸಲಿಲ್ಲ.

ಮೀನುಗಳ ಜೋಡಿ ಕೂಡಿಸುವ ನಾಗು ದೊಡ್ಡಮ್ಮ ನಿನ್ನೆ ಬಂದರು. ಎರಡೂ ಮೀನುಗಳನ್ನು ಎರಡು ಗಾಜಿನ ಭರಣಿಯಲ್ಲಿ ಹಾಕಿ, ಭರಣಿಗಳನ್ನು ಮುತ್ತುವಿನ ಮನೆಯ ಜಗಲಿಯಲ್ಲಿ ಅಕ್ಕಪಕ್ಕ ಇಡಿಸಿದರು. ತಗ್ಗುವ ಮೀನು ದೊಡ್ಡದರ ಎದುರು ಮೈ ಓರೆ ಮಾಡಿ ಒಮ್ಮೆ ನಡುಗುತ್ತದೆ. ನಡುಗಿದರೆ ಅದಿನ್ನೂ ಹೆಣ್ಣಾಗಿಲ್ಲ, ಗಂಡಾಗಿ ಉಳಿಯಬಲ್ಲದು ಎಂದು ಅರ್ಥ. ಊರಿನ ಅರ್ಧ ಜನ ಅಲ್ಲಿ ಸೇರಿದ್ದರು. ಎರಡೂ ಮೀನುಗಳು ಗಾಜಿಗೆ ಮೂತಿ ಗುದ್ದಿದವು. ದೊಡ್ಡಮ್ಮ ತಲೆಯ ಮೇಲೆ ಕೈ ಹೊತ್ತು, "ಒಂದ್ ಮನಿಯಗ್ ಎರಡ್ ಯಜಮಾಂತಿ ಇಪ್ಪುಕ್ ಆತಿಲ್ಲೆ, ಹೆಣೆ. ಒಂದ್ ತಗ್ಗುಕೇ ಬೇಕ್" ಎಂದರು.

ಮುತ್ತು ನನ್ನ ಕಡೆ ನೋಡಿ, "ಅಕ್ಕಣಿ ಮೀನಿಗೆ ಅಕ್ಕಣಿ ಹಾಂಗೇ ನಾಚ್ಕಿ. ಅದ್ ಮನೆ ಅಳಿಯ ಆಪುಕೇ ಲಾಯ್ಕ್" ಎಂದಳು. ಎಲ್ಲರೂ ನಕ್ಕರು. ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೂ ನಕ್ಕೆ.

ಅವರು ನಗುತ್ತಿದ್ದಾಗಲೇ ನನ್ನ ಮೀನು ನಡುಗಿತು. ಮೈ ಓರೆ ಮಾಡಿ, ತಲೆಯಿಂದ ಬಾಲದವರೆಗೆ, ಒಂದೇ ಒಂದು ಸಲ. ಭರಣಿಯ ಹತ್ತಿರ ಕೂತಿದ್ದವಳು ನಾನೊಬ್ಬಳೇ. ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿದೆ. "ಯಾರಾರೂ ಎಂತಾರೂ ಕಂಡ್ರ್ಯಾ?" ಎಂದು ಅವರು ಕೇಳಿದರು. ನಾನು ಸೆರಗಿನ ಅಂಚು ನೋಡುತ್ತ ಕೂತೆ. ಹಾಗಾದರೆ ಮುಂದಿನ ಹುಣ್ಣಿಮೆಗೆ ಮತ್ತೆ ನೋಡುವ ಎಂದು ಅವರು ಎದ್ದರು. ಮುಂದಿನ ಹುಣ್ಣಿಮೆಯ ಹೊತ್ತಿಗೆ ಅದು ಇನ್ನೂ ನಡುಗುತ್ತದೆ ಎಂಬ ಭರವಸೆ ಇಲ್ಲ, ಅದರಲ್ಲೂ ನಾನು ಹೀಗೆ ತಿನ್ನಿಸಿದರೆ. ಮನೆಗೆ ಬಂದಾಗ ಅಬ್ಬಿ, ಅಂದರೆ ನನ್ನ ತಾಯಿ, "ಮೀನಿಗಿಂತ ನೀನೇ ಬಾಯ್ ಮುಚ್ಕಂಡ್ ಕೂಕಂಡಿದ್ದೆ, ಎಂತಾಯ್ತ್?" ಎಂದಳು. ಅವಳಿಗೂ ಹೇಳಲಿಲ್ಲ.

ಏಕೆ ಹೇಳಲಿಲ್ಲ ಎಂದು ನಿಮಗೆ ತಿಳಿಯಬಹುದು. ಮುತ್ತುವಿಗೆ ಬಿಸಿಲಿದೆ, ಕಡಲಹೂವು ಇದೆ, ಸಂಜೆ ಬಂದು ಕೂರುವ ಜನ ಇದ್ದಾರೆ. ನನಗೆ ಇರುವುದು ಇದೊಂದು. ನಾನು ಕೋಣೆಗೆ ಕಾಲಿಟ್ಟರೆ ಕುಡಿಕೆಯಿಂದ ಹೊರಗೆ ಬರುತ್ತದೆ, ಬೇರೆಯವರು ಬಂದರೆ ಬರುವುದಿಲ್ಲ. ಅಲ್ಲಿಗೆ ಹೋದರೆ ಅದು ಕಡಲಹೂವಿನ ನಡುವೆ ಮಲಗುವುದನ್ನು ಕಲಿಯುತ್ತದೆ, ಮುತ್ತುವಿನ ಬೆರಳಿನಿಂದ ತಿನ್ನುತ್ತದೆ. ನಾನು ಮೀನ್‌ಬೀಗಿತ್ತಿಯಾಗಿ ಜಗಲಿಯಲ್ಲಿ ಕೂತು ಅದನ್ನು ನೋಡಬೇಕು. ಅದನ್ನು ಕಂಡು ಸಂತೋಷಪಡುತ್ತೇನೆ ಎಂದು ನಿಮಗೆ ಸುಳ್ಳು ಬರೆಯಲಾರೆ.

ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಿದೆ. ನಿಮ್ಮ ತೊಟ್ಟಿಯಲ್ಲಿ ಪಟ್ಟೆಮೀನು ಒಂದೇ ಇದ್ದರೆ, ನೋಡಿ ಎಷ್ಟು ದೊಡ್ಡದಾಗಿದೆ ಎಂದು ಬಂದವರಿಗೆ ತೋರಿಸುತ್ತ ಇಟ್ಟುಕೊಳ್ಳಬೇಡಿ. ಸಣ್ಣದೊಂದನ್ನು ಜೊತೆಗೆ ತನ್ನಿ. ತರುವಾಗ ಕಡಲಿನಿಂದ ಹಿಡಿದದ್ದನ್ನು ಬಿಟ್ಟು, ತೊಟ್ಟಿಯಲ್ಲೇ ಹುಟ್ಟಿದ್ದನ್ನು ಕೇಳಿ ತನ್ನಿ. ಕಡಲಿನದು ಕಡಲಿನಲ್ಲಿರಲಿ, ನಮ್ಮ ನಡುಗಡ್ಡೆಯ ಬುಡದವರೆಗೂ ಬಂದೀತು. ಮರಿಯಾದರೆ ಕೇಳಿದವರಿಗೆ ಕೊಡಿ. ನಿಮಗೆ ಇಷ್ಟವಿಲ್ಲದವರಿಗೂ ಕೊಡಿ. ನಿಮಗೆ ಮತ್ತೆ ಹೋಗಲು ಅಂಗಡಿ ಇದೆ, ಕೊಡುವುದು ಕಷ್ಟವಾಗಲಾರದು.

ಇನ್ನು ನಿಲ್ಲಿಸುತ್ತೇನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ಮೀನಿಗೆ ಹಿಂದಿನ ದಿನ ತಿಂಡಿ ಹಾಕಬಾರದು, ಹಾಕಿದರೆ ಭರಣಿಯ ನೀರು ದಾರಿಯಲ್ಲೇ ಕೆಡುತ್ತದೆ. ಇವತ್ತು ಬೆಳಿಗ್ಗೆ ನಾನು ಕೋಣೆಗೆ ಹೋದಾಗ ಅದು ಎಂದಿನಂತೆ ಕುಡಿಕೆಯಿಂದ ಹೊರಗೆ ಬಂದು ಗಾಜಿನ ಹತ್ತಿರ ನಿಂತಿತು. ನಾನು ಮಳೆನೀರು ಸೇರಿಸಿದೆ, ಗಾಜು ಒರೆಸಿದೆ. ತಿಂಡಿ ಹಾಕಲಿಲ್ಲ.

ಇಂತಿ,
ಅಕ್ಕಣಿ