ಗೂಡು ಕಟ್ಟುವ ಭಾನುವಾರ

ಮಗನೇ,

ಪುಟ್ಟಿಯನ್ನು ಕರೆದುಕೊಂಡು ಪ್ರಕೃತಿ ಕೇಂದ್ರದ ವಸಂತ ಶಿಬಿರಕ್ಕೆ ಹೊರಟಿದ್ದೇನೆ. ಚಹಾ ಫ್ಲಾಸ್ಕಿನಲ್ಲಿದೆ. ಒಗೆದ ಬಟ್ಟೆ ಒಣಗಿದ್ದರೆ ಒಳಗೆ ತಂದು ಹಾಕು, ಅಷ್ಟಾದರೂ ನಿನ್ನ ಕೈಲಾದೀತು.

ಹೋದ ಭಾನುವಾರ ಅಲ್ಲಿ ಅಪ್ಪ-ಮಕ್ಕಳು ಸೇರಿ ಹಕ್ಕಿಗೆ ಮರದ ಗೂಡು ಮಾಡುವ ದಿನವಾಗಿತ್ತು. "ಸುತ್ತಿಗೆ ನಾನೇ ಹಿಡೀತೀನಿ ಪುಟ್ಟಿ" ಅಂತ ನೀನು ಅಂದಿದ್ದೆ. ಬಾಯಿಮಾತಿಗೆ ನಿನಗೆ ಎಂದೂ ಬರವಿಲ್ಲ. ಗೆಳೆಯರು ಫೋನ್ ಮಾಡಿದ್ದೇ ತಡ, ಬ್ಯಾಟು ಹಿಡಿದು ಹೊರಟುಹೋದೆ. ಮಿಕ್ಕ ಮಕ್ಕಳು ಚಿಗುರಿದ ಮರಗಳ ಕೆಳಗೆ ಅಪ್ಪಂದಿರ ಜೊತೆ ಹಲಗೆ ಕೊಯ್ಯುತ್ತಿದ್ದರೆ, ಇವಳು ನನ್ನ ನಡುಗುವ ಕೈಯನ್ನು ನಂಬಿ ಮೊಳೆ ಹಿಡಿದು ಕೂತಿದ್ದಳು. ಎರಡು ಸಲ ಅವಳ ಬೆರಳಿಗೇ ಹೊಡೆದೆ. ಅಳಲಿಲ್ಲ.

ಕಲಿಸುವ ಮಿಸ್ ಬಂದು, "ಅಪ್ಪ ಬರ್ಲಿಲ್ವಾ ಮರಿ?" ಅಂದರು.

"ಅಪ್ಪ ಊರಲ್ಲಿಲ್ಲ ಮಿಸ್. ಬೇಸಿಗೆ ಮುಗಿಯೋವರೆಗೂ ಬರಲ್ಲ. ಫೋನಲ್ಲಿ ತುಂಬಾ ಬೇಜಾರು ಮಾಡ್ಕೊಂಡ್ರು."

ಕಣ್ಣು ಮಿಟುಕಿಸದೆ ಹೇಳಿದಳು. ಏಳು ವರ್ಷದ ಕೂಸು ನಿನ್ನ ಮಾನ ಕಾಯಲು ಸುಳ್ಳು ಕಲಿತಿದೆ. ಹೆತ್ತ ತಪ್ಪಿಗೆ ನಾನೂ ತಲೆಯಾಡಿಸಿದೆ.

ಇವತ್ತು ಆ ಗೂಡುಗಳನ್ನು ಮರಕ್ಕೆ ಕಟ್ಟುತ್ತಾರೆ. ಈ ಸಲ ಖಂಡಿತ ಬರುತ್ತೇನೆಂದು ನೀನು ನಿನ್ನೆ ಅವಳಿಗೆ ಮಾತು ಕೊಟ್ಟೆಯಲ್ಲ, ಅದನ್ನೇ ನಂಬಿ ಬೆಳಗ್ಗೆ ನಾನು ನಿನ್ನನ್ನು ಎಬ್ಬಿಸಲು ಬಂದೆ. ನಿನ್ನ ಕೋಣೆಯ ಬಾಗಿಲಲ್ಲೇ ಅವಳು ನನ್ನ ಸೆರಗು ಹಿಡಿದು ಎಳೆದಳು.

"ಬೇಡ ಅಜ್ಜಿ. ಅಪ್ಪ ಬಂದ್ರೆ ನಾನು ಸುಳ್ಳುಬುರುಕಿ ಆಗ್ತೀನಿ."

ಎದ್ದ ಮೇಲೆ ಆ ಕಡೆ ಸುಳಿಯಬೇಡ.

ಅಮ್ಮ