ಎರಡು ಸೀಟಿಗೆ ಮೂರನೆಯವ

ಸುರಪುರ,
ಭಾನುವಾರ

ಗೆಳೆಯ ತಾಯಪ್ಪನಿಗೆ,

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ, ನಂಬಬೇಡ.

ಮಗಳು ಹುಟ್ಟಿ ನಾವು ಮೂವರಾದ ಮೇಲೆ, ಎರಡೇ ಸೀಟಿನ ಆ ಹಳೆಯ ಸ್ಪೋರ್ಟ್ಸ್ ಕಾರನ್ನು ನಿನಗೆ ಮಾರಿದೆ. ಈಗ ನಿನ್ನ, ಅದರ ನಡುವೆ ಮೂರನೆಯವ ನಾನೇ. ನೆಲಕ್ಕೆ ಮುತ್ತಿಡುವಷ್ಟು ನಾನು ತಗ್ಗಿಸಿದ್ದ ಕಾರನ್ನು, ಕಾಲುವೆ ದಾರಿಯ ತಗ್ಗುಗಳಿಗೆ ಅಂಜಿ ನೀನು ಎತ್ತರಿಸಿದ್ದೀಯಂತೆ. ಇರಲಿ.

ನಿನ್ನೆ ಹುಣಸಗಿಯ ಹತ್ತಿರ ಬಸ್ಸು ನಿಂತಾಗ ಕಿಟಕಿಯಿಂದ ಕಂಡೆ. ಟ್ರ್ಯಾಕ್ಟರುಗಳ ಸಾಲಿನಲ್ಲಿ ನೀನು ಅದನ್ನೂ ಕಾಲುವೆಗೆ ಇಳಿಸಿ, ಕೊಡದಿಂದ ನೀರು ಹೊಯ್ದು ತೊಳೆಯುತ್ತಿದ್ದೆ. ನಾನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ ಮೈ ಅದು! ಬ್ರೇಕಿಗೆ ಕೆಸರು ಹೊಕ್ಕರೆ ಹಿಡಿಯುವುದಿಲ್ಲ. ಇನ್ನು ಮುಂದೆ ದಂಡೆಯ ಮೇಲೆಯೇ ತೊಳೆ.

ನಿಜವಾಗಿ ಹೊಟ್ಟೆ ಉರಿದದ್ದು ಆಮೇಲೆ. ನನ್ನ ಹತ್ತಿರ ಇದ್ದಾಗ ದಿನಾ ತಳ್ಳಿಸಿಕೊಂಡೇ ಚಾಲೂ ಆಗುತ್ತಿದ್ದ ಕಾರು, ಮೈಯೆಲ್ಲ ತೊಯ್ದಿದ್ದರೂ ನೀನು ಕೀಲಿ ತಿರುವಿದೊಡನೆ ಗುರ್ರೆಂದಿತು. ಬಸ್ಸಿನವರೆಲ್ಲ ನೋಡಿದರು, ನಾನು ಮುಖ ತಿರುಗಿಸಿದೆ.

ಮನೆಯಲ್ಲಿ ಹೇಳಿದರೆ ದೇವಕಮ್ಮ ನಗುತ್ತಾಳೆ. "ಮಾರಿದ ಮ್ಯಾಲೆ ಅದರ ಚಿಂತಿ ನಿಮಗ್ಯಾಕ್ರಿ? ಸವತಿ ಹೋದಳಂತ ನಾ ಓಣಿಗೆಲ್ಲ ಸಕ್ರಿ ಹಂಚೀನಿ!"

ಒಂದೇ ಕೋರಿಕೆ. ಕಾರ್ಬುರೇಟರ್ ಕೆಟ್ಟರೆ ಟ್ರ್ಯಾಕ್ಟರ್ ಮಿಸ್ತ್ರಿಯ ಕೈಗೆ ಕೊಡಬೇಡ. ನನಗೆ ಹೇಳಿ ಕಳಿಸು, ಪಾನಾ, ಸ್ಕ್ರೂಡ್ರೈವರ್ ಹಿಡಿದುಕೊಂಡು ಮೊದಲ ಬಸ್ಸಿಗೇ ಬರುತ್ತೇನೆ.

ಕೆಡದಿದ್ದರೂ, ಕೆಟ್ಟಿದೆ ಎಂದು ಹೇಳಿ ಕಳಿಸು.

ನಿನ್ನ ಮೇಲೆ ಸಿಟ್ಟಿಲ್ಲದ,
ಬಸವಂತ್ರಾಯ