ಮುನ್ನೂರ ತೊಂಬತ್ತೆಂಟು ಹೊಲಿಗೆಯ ಕಿವಿ

ದೊಡ್ಡನೆಕ್ಕುಂದಿ
10-8-1982, ಮಧ್ಯಾಹ್ನ ಮೂರು ಗಂಟೆ

ಮಗಳಂಥ ಪ್ರೀತಿಯ ಸೊಸೆ ಭಾಗ್ಯಳಿಗೆ,

ಬೆಳಿಗ್ಗೆ ರಾಗಿ ಬೀಸಿಸಿಕೊಂಡು ಬಂದೆ, ಎಮ್ಮೆಗೆ ಹುಲ್ಲು ಹಾಕಿದೆ. ಆಮೇಲಿನ ಹೊತ್ತೆಲ್ಲ ನಿನ್ನ ಆನೆಯ ಜೊತೆಯಲ್ಲೇ ಕಳೆಯಿತು. ನೀನು ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ತಾನೆ? ನಿಮ್ಮವ್ವನ ಸೊಂಟನೋವು ಹೇಗಿದೆ? ನಾನು ಇದ್ದೇನೆ. ಮಗ ಚಿನ್ನಪ್ಪ ತೀರಿಹೋಗಿ ನಾಳಿದ್ದಿಗೆ ಎಂಟು ತಿಂಗಳು. ಅವನ ಕಾರ್ಖಾನೆಯವರು ಕೊಟ್ಟಿದ್ದ ಡೈರಿಯಲ್ಲಿ ದಿನವೂ ನಾಲ್ಕು ಸಾಲು ಬರೆಯುತ್ತೇನೆ. ಈ ಹಾಳೆಯೂ ಅದರದೇ.

ಯಾವ ಆನೆ ಎನ್ನಬೇಡ. ಗಂಡನ ದಿಂಬಿಗೆಂದು ನೀನು ಅರ್ಧ ಕಸೂತಿ ಹಾಕಿದ್ದೆಯಲ್ಲ, ಅದೇ. ತಿಥಿಯ ಮಾರನೆಯ ದಿನ ನೀನು ಅದನ್ನು ಕೈಗೆತ್ತಿಕೊಂಡಾಗ, "ಇನ್ಯಾರ ತಲೆಗೆ ಇಕ್ತೀಯೆ ಈ ದಿಂಬ್ನ?" ಎಂದು ಕಿತ್ತುಕೊಂಡು ಅಟ್ಟಕ್ಕೆ ಹಾಕಿದವಳು ನಾನು. ನೀನು ಆ ವಾರವೇ ತವರಿಗೆ ಹೋದೆ. ಹೋದ ತಿಂಗಳು ಅಟ್ಟ ಗುಡಿಸುವಾಗ ಸಿಕ್ಕಿತು. ಫ್ರೇಮು, ದಾರದ ಲಡಿಗಳು, ನಮೂನೆಯ ಹಾಳೆ ಎಲ್ಲ ಹಾಗೇ ಇದ್ದವು. ಕೌದಿ ಹೊಲಿದ ಕೈ ನನ್ನದು, ಇದೇನು ಮಹಾ ಎಂದು ಕೂತೆ.

ಹಾಳೆಯಲ್ಲಿ ಆನೆಯ ಕಿವಿಯೊಳಗೆ 398 ಎಂದಿತ್ತು. ಅಷ್ಟು ಹೊಲಿಗೆ ಹಾಕಬೇಕೆಂದುಕೊಂಡೆ. ಹತ್ತಕ್ಕೊಂದು ಹುಣಿಸೆಬೀಜ ಇಟ್ಟುಕೊಂಡು ಮೂರು ದಿನ ಎಣಿಸಿ ಎಣಿಸಿ ಹಾಕಿದೆ. ಎರಡು ಬೆರಳಗಲದ ಕಿವಿ ಉದ್ದಿನವಡೆಯಂತೆ ಎದ್ದು ನಿಂತಿತು. ಪಕ್ಕದ ಮನೆಯ ಮುನಿಯಕ್ಕ ನೋಡಿ, "ಏನಕ್ಕಯ್ಯಾ, ನಿನ್ನಾನೆ ಕಿವಿಗೆ ಜೇನು ಕಚ್ತಾ? ಇಂಗ್ ಬಾತ್ಕೊಂಡೈತೆ" ಎಂದಳು. ಬೂದುಬಣ್ಣದ ಲಡಿಗೆ ಸುತ್ತಿದ ಕಾಗದದ ಮೇಲೂ 398 ಎಂದೇ ಇದ್ದುದು ಆಮೇಲೆ ಕಣ್ಣಿಗೆ ಬಿತ್ತು. ಅದು ದಾರದ ಬಣ್ಣದ ನಂಬರು. ಮುನಿಯಕ್ಕ ನಕ್ಕದ್ದು ನೋಡಿ ನನಗೂ ನಗು ಬಂತು. ಡಿಸೆಂಬರಿನಿಂದ ಈಚೆಗೆ ಅದೇ ಮೊದಲು.

ಬಿಚ್ಚಲೆಂದು ಬಟ್ಟೆ ಮಗುಚಿದೆ. ನಿನ್ನ ಕೆಲಸವನ್ನು ಆಗ ನೋಡಿದೆ, ಭಾಗ್ಯಾ. ಸೊಂಡಿಲು, ಬೆನ್ನು, ಮುಂಗಾಲು, ಹಿಂಬದಿಯಲ್ಲೂ ಎಲ್ಲಿಯೂ ಒಂದು ಗಂಟಿಲ್ಲ. ಬಣ್ಣ ಬದಲಾಗುವ ಕಡೆ ದಾರದ ತುದಿಯನ್ನು ಹೊಲಿಗೆಯೊಳಗೇ ನುಗ್ಗಿಸಿ ಮುಚ್ಚಿದ್ದೀಯ. ಯಾರೂ ನೋಡದ ಕಡೆಯೂ ಇಷ್ಟು ಅಚ್ಚುಕಟ್ಟು. ನಾನು ಹಾಕಿದ ಕಡೆ ಕೋಳಿ ಕೆದಕಿದ ತಿಪ್ಪೆಯಂತಿದೆ. ನಾಲ್ಕು ವರ್ಷ ನೀನು ಸಂಜೆ ಹೊಸಿಲ ಬಳಿ ಸೂಜಿ ಹಿಡಿದು ಕೂತರೆ, ಹೊತ್ತು ಕಳೆಯುತ್ತಾಳೆ ಎಂದುಕೊಂಡಿದ್ದೆ. ಅದು ವಿದ್ಯೆ ಎಂದು ತಿಳಿಯಲು ನನ್ನ ಬೆರಳಿಗೇ ಸೂಜಿ ಚುಚ್ಚಬೇಕಾಯಿತು.

ಕಿವಿ ಬಿಚ್ಚಿ ಮತ್ತೆ ಹಾಕಿದೆ. ಬಾಲವೂ ಆಯಿತು, ಸ್ವಲ್ಪ ಸೊಟ್ಟ. ಕಣ್ಣು ಮಾತ್ರ ಬಿಟ್ಟಿದ್ದೇನೆ. ಅದಕ್ಕೆ ನಿನ್ನ ಕೈಯೇ ಬೇಕು.

ನಿಮ್ಮವ್ವನನ್ನು ಕೇಳಿದೆನೆಂದು ಹೇಳು. ನೀನು ತಣ್ಣಗಿರು, ಕೂಸೇ.

ನಿನ್ನ ಅತ್ತೆ,
ಸೊಣ್ಣಮ್ಮ

ಅಂಟು ಹಾಕುವ ಮುಂಚೆ ಇನ್ನೊಂದು: ನಮ್ಮೂರ ಮಹಿಳಾ ಮಂಡಳಿಗೆ ಕಸೂತಿ ಕಲಿಸುವವರು ಬೇಕಂತೆ. ಮಂಡಳಿ ನಡೆಸುವ ಈಶ್ವರಮ್ಮನಿಗೆ ಆನೆಯ ಹಿಂಬದಿ ತೋರಿಸಿದೆ. "ಈ ಕೈಯೋಳ್ನ ಕರೆಸ್ರಕ್ಕ" ಎಂದರು. ಅವತ್ತು ನಾನು ಆಡಿದ್ದು ತಪ್ಪು. ಗಂಡ ಸತ್ತವಳು ಊರೆದುರು ಪಾಠ ಹೇಳುವುದೇ ಎಂದು ಯಾರಾದರೂ ಅಂದರೆ ಉತ್ತರ ಕೊಡಲು ನಾನಿದ್ದೇನೆ. ಎಮ್ಮೆಯನ್ನು ನಾನೇ ನೋಡಿಕೊಳ್ಳುತ್ತೇನೆ, ನೀನು ಟೀಚರಾಗಿ ಬಾ. ಬೇಡ ಅನ್ನಿಸಿದರೆ ಒಂದು ಕಾರ್ಡು ಹಾಕು, ನಿನ್ನ ಹೆಸರು ಹೊಡೆದುಹಾಕಿಸುತ್ತೇನೆ. ನಾಳೆ ಹತ್ತು ಗಂಟೆಗೆ ಕಲಿಸುವವರ ಹೆಸರು ಬರೆದುಕೊಳ್ಳುತ್ತಾರೆ. ನಾನು ಒಂಬತ್ತಕ್ಕೇ ಹೋಗುತ್ತೇನೆ.